ನಲವತ್ತೇಳನೇ ಸೇತುವೆಯ ಬಿಳಿ ಗೆರೆ

'ಗಾಬರಿಬಿದ್ದು' ಎಂಬ ಶಬ್ದದ ಕೆಳಗೆ ಅಂಬರೀಷ ಕೆಂಪು ಪೆನ್ನಿನಿಂದ ಗೆರೆ ಎಳೆದ. ಸಾಲದೆಂದು ಇನ್ನೊಂದು ಎಳೆದ. ಮೂರನೆಯದಕ್ಕೆ ಕಾಗದ ಹರಿಯಿತು. ಹರಿದರೆ ಹರಿಯಲಿ. ಕಾಲೇಜಿನಲ್ಲಿ ಇತಿಹಾಸ ಕಲಿಸುವ ರಜನಿ ನಿನ್ನೆ ಸಂಜೆ ಕೊಟ್ಟುಹೋದ ಕರಡು ಅದು. ಜಿಲ್ಲೆಯ ಹಳೆಯ ರೈಲು ಸೇತುವೆಗಳ ಬಗ್ಗೆ ಪುಸ್ತಕ ಮಾಡುತ್ತಿದ್ದಾಳಂತೆ, ಸೇತುವೆಗೊಂದು ಪುಟ, ಪುಟಕ್ಕೊಂದು ಬಣ್ಣದ ಚಿತ್ರ. ನಲವತ್ತೇಳನೇ ಸೇತುವೆಯ ಪುಟದಲ್ಲಿ ಮೊದಲ ಹತ್ತು ಸಾಲು ಅದನ್ನು ಕಟ್ಟಿಸಿದ ಬಿಳಿಯ ಎಂಜಿನಿಯರನಿಗೆ: ಅವನ ಟೊಪ್ಪಿಗೆ, ಅವನ ಕುದುರೆ, ತಾಯಿಗೆ ಅವನು ಬರೆದ ಪತ್ರ. ಕಲ್ಲು ಹೊತ್ತವರಿಗೆ ಎರಡೇ ಶಬ್ದ, 'ಸ್ಥಳೀಯ ಕಾರ್ಮಿಕರು'. ಕೊನೆಗೆ, ಓದುವವರಿಗೆ ಬೇಸರವಾದೀತೆಂದು, ಹಳದಿ ಚೌಕಟ್ಟಿನಲ್ಲಿ ಒಂದು ತಮಾಷೆಯ ಪ್ರಸಂಗ: '1982ರ ಮಳೆಗಾಲದಲ್ಲಿ ಇಲ್ಲಿ ಗಸ್ತಿನಲ್ಲಿದ್ದ ಗ್ಯಾಂಗ್‌ಮನ್ ಒಬ್ಬ ಹಳ್ಳದ ನೀರು ಕಂಡು ಗಾಬರಿಬಿದ್ದು ಪ್ಯಾಸೆಂಜರ್ ಗಾಡಿಯನ್ನು ಎರಡು ತಾಸು ನಿಲ್ಲಿಸಿಬಿಟ್ಟ. ದಾಖಲೆಯ ಪ್ರಕಾರ ಆ ದಿನ ನೀರು ಅಪಾಯದ ಮಟ್ಟಕ್ಕಿಂತ ಎರಡು ಅಡಿ ಕೆಳಗಿತ್ತು.' ಗ್ಯಾಂಗ್‌ಮನ್ ಒಬ್ಬ. ಕುದುರೆಗೂ ಹೆಸರಿದೆ, ಅವನಿಗಿಲ್ಲ. ಆ ಒಬ್ಬ ಈಗ ಹತ್ತು ಹೆಜ್ಜೆ ಆಚೆ, ಕೇಶ್ವಾಪುರದ ಇದೇ ಮನೆಯ ಪಡಸಾಲೆಯಲ್ಲಿ, ಗೋಡೆಗೆ ಬೆನ್ನು ಕೊಟ್ಟು ಕೂತು ಚಹಾದಲ್ಲಿ ಟೋಸ್ಟ್ ಅದ್ದಿ ತಿನ್ನುತ್ತಿದ್ದಾನೆ. ಹೆಸರು ಹನುಮಪ್ಪ, ವಯಸ್ಸು ಎಂಬತ್ತನಾಲ್ಕು, ಅಂಬರೀಷನ ಅಪ್ಪ.

"ಅಷ್ಟ್ಯಾಕ ಸಿಟ್ಟ ಮಾಡ್ಕೊಂತೀರಿ?" ಎಂದಳು ಹೆಂಡತಿ ನೀಲಾ, ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು. "ತಪ್ಪಿದ್ರ ತಪ್ಪೈತಿ ಅಂತ ಹೇಳ್ರಿ, ಆಕಿ ತಿದ್ದತಾಳ. ಅದಕ್ಕಲ್ಲೇನು ನಿಮ್ಮ ಕೈಯಾಗ ಕೊಟ್ಟು ಹೋಗಿದ್ದು."

"ಹೇಳತೇನಿ. ಹೇಳದ ಬಿಡತೇನೇನು."

"ಮಾವಾರಿಗೆ ಓದಿ ಹೇಳೀರೇನು ಇದನ್ನ?"

ಓದಿ ಹೇಳಬೇಕಂತೆ. ಇವಳಿಗೆ ಎಲ್ಲವೂ ರೊಟ್ಟಿ ಬಡಿದಷ್ಟು ಸಲೀಸು. ತಪ್ಪಿದೆ ಎಂದು ಹೇಳಲು ಅಂಬರೀಷನಿಗೆ ಬಾಯಿ ಇತ್ತು, ಕೈಯಲ್ಲಿ ಕೆಂಪು ಪೆನ್ನೂ ಇತ್ತು. ಆದರೆ 'ದಾಖಲೆಯ ಪ್ರಕಾರ' ಎಂದಿದ್ದಾಳಲ್ಲ, ಆ ದಾಖಲೆ ಬರೆದವನು ಯಾರು? ಬೇರೆ ಯಾರಾದರೂ ಆಗಿದ್ದರೆ ಅವನ ಮನೆಗೆ ಹೋಗಿ ಕುತ್ತಿಗೆಪಟ್ಟಿ ಹಿಡಿದು ಕೇಳಬಹುದಿತ್ತು. ಬರೆದವನು ಇವನೇ. 1994ರ ಮೇ ತಿಂಗಳಲ್ಲಿ, ಸೇತುವೆ ಇನ್‌ಸ್ಪೆಕ್ಟರ್ ಆಗಿ ಎಂಟು ತಿಂಗಳಾಗಿದ್ದಾಗ, ತನ್ನ ಕೈಯಾರೆ, ದುಂಡನೆಯ ಅಕ್ಷರದಲ್ಲಿ, ಕೆಳಗೆ ಸಹಿ ಹಾಕಿ. ನೀರು ನಿಜವಾಗಿ ಮುಟ್ಟಿದ್ದು ಅಪಾಯದ ಮಟ್ಟಕ್ಕಿಂತ ಒಂಬತ್ತು ಇಂಚು ಮೇಲೆ. ಇವನು ಬರೆದದ್ದು ಎರಡು ಅಡಿ ಕೆಳಗೆ. ನಡುವಿನ ಎರಡು ಅಡಿ ಒಂಬತ್ತು ಇಂಚು ಮೂವತ್ತು ವರ್ಷದಿಂದ ಇವನ ಹೊಟ್ಟೆಯೊಳಗಿದೆ, ಮತ್ತು ಅದು ಇವತ್ತಿನವರೆಗೆ ಯಾರಿಗೂ ಗೊತ್ತಿಲ್ಲ. ನೀಲಾಗೂ ಗೊತ್ತಿಲ್ಲ. ಅಪ್ಪನಿಗಂತೂ ಮೊದಲೇ ಇಲ್ಲ.

ಅಪ್ಪನ ಲೆಕ್ಕದಲ್ಲಿ ವಿಷಯ ಸರಳವಾಗಿತ್ತು. ಮುಂಜಾನೆ ಎಂಟರ ಹೊತ್ತಿಗೆ ನೀರು ಅಪಾಯದ ಗುರುತು ದಾಟಿತು; ದಾಟಿದರೆ ಗಾಡಿ ನಿಲ್ಲಿಸಬೇಕೆಂಬುದು ಕಾಯಿದೆ; ನಿಲ್ಲಿಸಿದ. ಕೆಂಪು ಬಾವುಟ ನೆಟ್ಟು, ಗಾಲಿ ಹತ್ತಿದರೆ ಢಬ್ಬೆಂದು ಸಿಡಿದು ಡ್ರೈವರನನ್ನು ಎಚ್ಚರಿಸುವ ಆ ತಗಡಿನ ಬಿಲ್ಲೆಗಳನ್ನು, ಗ್ಯಾಂಗಿನವರು ಪಟಾಕಿ ಎನ್ನುತ್ತಿದ್ದರು, ಹಳಿಗೆ ಕಟ್ಟಿ, ಮಳೆಯಲ್ಲಿ ಒಂದು ಮೈಲಿ ಓಡಿದ್ದ. ಆದರೆ ಅದು ಎರೆ ಹೊಲದ ಹಳ್ಳ, ಏರುವುದೂ ಲಗೂ, ಇಳಿಯುವುದೂ ಲಗೂ. ಹಳಿಯ ಮೇಲೆ ಆಳುಗಳು ನೂಕುವ ಸಾಹೇಬರ ಟ್ರಾಲಿ ಬರುವ ಹೊತ್ತಿಗೆ ಮಧ್ಯಾಹ್ನ, ಬಿಸಿಲು ಬಿದ್ದಿತ್ತು, ಹಳ್ಳದಲ್ಲಿ ಎಮ್ಮೆ ಮಲಗಿದ್ದವು. 'ಎಲ್ಲೈತೋ ನೀರು?' ಎಂದು ಕೇಳಿ ಸಾಹೇಬರು ನಕ್ಕರಂತೆ. ಅಪ್ಪ ಅದಕ್ಕೆ ಮೊದಲೇ ಒಂದು ಕೆಲಸ ಮಾಡಿಟ್ಟಿದ್ದ. ನೀರು ಇಳಿಯತೊಡಗಿದಾಗ, ಕಲ್ಲಿನ ಮೇಲೆ ಇನ್ನೂ ಹಸಿ ಇದ್ದಾಗ, ಸೇತುವೆಯ ಕಲ್ಲುಕಂಬಕ್ಕೆ ಸೊಂಟದ ಹಗ್ಗ ಹಾಕಿ ಇಳಿದು, ನೀರು ಮುಟ್ಟಿದ ಜಾಗದಲ್ಲಿ ಚಾಣ ಇಟ್ಟು ಸುತ್ತಿಗೆಯಿಂದ ಒಂದು ಗೇಣುದ್ದ ಗೆರೆ ಕೊರೆದಿದ್ದ. ವಿಚಾರಣೆಯ ಉದ್ದಕ್ಕೂ ಅವನದು ಒಂದೇ ಮಾತು: ನನಗ ಕೇಳಬ್ಯಾಡ್ರಿ, ಕಲ್ಲಿಗೆ ಕೇಳ್ರಿ. ಕಲ್ಲಿಗೆ ಕೇಳಬೇಕಾದರೆ ಟ್ರಾಲಿಯಿಂದ ಇಳಿಯಬೇಕು, ಬೂಟಿಗೆ ರಾಡಿ ಹತ್ತುತ್ತದೆ. ಯಾರೂ ಇಳಿಯಲಿಲ್ಲ. ಅಪ್ಪನಿಗೆ ಬರಬೇಕಾಗಿದ್ದ ಬಡ್ತಿ ತಪ್ಪಿತು, ಗದಗಿನ ಕಡೆಯ ಗ್ಯಾಂಗಿಗೆ ಎತ್ತಿಹಾಕಿದರು, ಅವನಿಗೆ 'ಪಟಾಕಿ ಹನುಮ್ಯಾ' ಎಂದು ಹೆಸರು ಬಿತ್ತು. ಗರಗದಲ್ಲಿ ಚಿಕ್ಕಪ್ಪನ ಮಗಳ ಮದುವೆಯಲ್ಲಿ, ಊಟದ ಪಂಕ್ತಿಯಲ್ಲಿ, ಬೀಗರ ಕಡೆಯವನೊಬ್ಬ ಬಾಯಲ್ಲಿ ಢಬ್ ಎಂದು ಸದ್ದು ಮಾಡಿ ಅಪ್ಪನ ಎಲೆಗೆ ಬುಂದಿ ಹಾಕಿದ್ದ. ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಪಕ್ಕದಲ್ಲಿ ಕೂತಿದ್ದ ಹದಿನೆಂಟರ ಅಂಬರೀಷ ಅನ್ನ ಕಲಸುತ್ತ ತಲೆ ತಗ್ಗಿಸಿದ್ದ. ಅಪ್ಪ ಮಾತ್ರ ಎಲ್ಲ ತಿಂದು, ಎಲೆ ಮಡಿಚಿ, 'ಕಲ್ಲಿನ ಮ್ಯಾಲೆ ಐತಿ, ಹೋಗಿ ನೋಡ್ರಿ' ಎಂದು ಎದ್ದಿದ್ದ.

ಹತ್ತು ಗಂಟೆಗೆ ರಜನಿಯ ಕಾರು ಬಂತು. ಹೊಸ ಜೋಡಿಹಳಿಗೆ ಪಕ್ಕದಲ್ಲೇ ಕಾಂಕ್ರೀಟಿನ ಸೇತುವೆ ಎದ್ದಿದೆ, ಹಳೆಯದನ್ನು ಪಾರಂಪರಿಕ ಎಂದು ಉಳಿಸುತ್ತಾರಂತೆ; ಅದರ ಕೆಳಗೆ ರೈಲ್ವೆಯಲ್ಲೇ ದುಡಿದ ಅಪ್ಪ-ಮಗ ಇಬ್ಬರನ್ನೂ ನಿಲ್ಲಿಸಿ ಫೋಟೋ ತೆಗೆಯಬೇಕೆಂದು ಅವಳ ಆಸೆ. ಮೂವತ್ತೈದರ ಒಳಗಿನ ಹೆಂಗಸು, ಉತ್ಸಾಹ ಉಕ್ಕಿ ಹರಿಯುತ್ತದೆ. ಅದೇ ಇವನನ್ನು ಕೆರಳಿಸುವುದು. ಹನುಮಪ್ಪ ಆಗಲೇ ಇಸ್ತ್ರಿ ಮಾಡಿದ ಧೋತರ ಉಟ್ಟು, ಬಿಳಿ ಟೊಪ್ಪಿಗೆ ಇಟ್ಟು, ಚಪ್ಪಲಿ ಮೆಟ್ಟಿ ಅರ್ಧ ತಾಸಿನಿಂದ ಕಟ್ಟೆಯ ಮೇಲೆ ಕಾಯುತ್ತಿದ್ದ.

"ಅಜ್ಜಾರ, ಮುಂದ ಕೂಡ್ರಿ, ಕಾಲು ಚಾಚಾಕ ಜಾಗಾ ಐತಿ," ಎಂದಳು ರಜನಿ. "ಸರ್, ಕರಡು ನೋಡಿದ್ರಿ? ತಪ್ಪು ಭಾಳ ಅದಾವೇನು?"

"ಅದಾವ," ಎಂದ ಅಂಬರೀಷ. "ಅಲ್ಲಿ ಹೋದ ಮ್ಯಾಲೆ ಹೇಳತೇನಿ."

ಏಕೆ, ಇಲ್ಲೇ ಹೇಳಿದರೆ ಏನಾಗುತ್ತಿತ್ತು? ಹಿಂದಿನ ಸೀಟಿನಲ್ಲಿ ಕರಡನ್ನು ತೊಡೆಯ ಮೇಲಿಟ್ಟುಕೊಂಡು ಅವನು ತನ್ನನ್ನೇ ಬೈದುಕೊಂಡ. ಆಮೇಲೆ ಅವಳನ್ನು ಬೈದ. ಹಳೆಯ ಕಾಗದ ಸಿಕ್ಕರೆ ಸಾಕು, ಅದಕ್ಕೆ ಕೈಮುಗಿದು ನಿಲ್ಲುವ ಜಾತಿ ಇವರದು. ಕಾಗದ ಬರೆಯುವವನೂ ಹೆದರುತ್ತಾನೆ ಎಂಬುದನ್ನು ಇವರಿಗೆ ಯಾವ ಕ್ಲಾಸಿನಲ್ಲಿ ಕಲಿಸುತ್ತಾರೆ? ಸಿಗ್ನಲ್ಲಿನಲ್ಲಿ ಕಾರು ನಿಂತಾಗ ಅವಳು ಫೋನು ಹಿಂದಕ್ಕೆ ಚಾಚಿದಳು. ರದ್ದಿಗೆ ಹೋಗುತ್ತಿದ್ದ ರಿಜಿಸ್ಟರನ್ನು ತಾನೇ ಹುಡುಕಿ ತೆಗೆಸಿದ್ದಂತೆ, ಪುಟದ ಫೋಟೋ ನೋಡಿರಂತೆ, ಸರ್ ಅವರ ಅಕ್ಷರ ಆಗ ಎಷ್ಟು ಛಂದ ಇತ್ತಂತೆ. ಅದೇ ಪುಟ. ಅದೇ ನೀಲಿ ಶಾಯಿ. ಮೂವತ್ತು ವರ್ಷದ ಕೆಳಗಿನ ತನ್ನ ಸಹಿ, ಕೊನೆಯಲ್ಲಿ ಬಾಲ ಎತ್ತಿಕೊಂಡು. "ನಮ್ಮ ಅಂಬರೀಷಂದು ಅಕ್ಷರಾ ಸಾಲ್ಯಾಗಿಂದನೂ ಛಲೋ," ಎಂದ ಹನುಮಪ್ಪ ಮುಂದಿನಿಂದ, ತಿರುಗದೆಯೇ, ಮತ್ತು ಆ ಮಾತಿನಲ್ಲಿದ್ದ ಹೆಮ್ಮೆಗೆ ಇವನಿಗೆ ಕಾರಿನ ಬಾಗಿಲು ತೆರೆದು ಇಳಿದುಬಿಡಬೇಕೆನ್ನಿಸಿತು.

ಯಾರಾದರೂ ಬರೆಯೆಂದು ಹೇಳಿದ್ದರೆ ಇಷ್ಟು ಸಂಕಟವಿರುತ್ತಿರಲಿಲ್ಲ. ಅದೇ ಇರುವುದು ವಿಷಯ. ಮಳೆಗಾಲಕ್ಕೆ ಮುಂಚೆ ವರ್ಷಕ್ಕೊಮ್ಮೆ ಇನ್‌ಸ್ಪೆಕ್ಟರನು ಪ್ರತಿ ಸೇತುವೆಯ ಕೆಳಗೆ ಇಳಿದು, ಈವರೆಗೆ ನೀರು ಏರಿದ ಅತಿ ಎತ್ತರದ ಜಾಗಕ್ಕೆ ಬಿಳಿ ಬಣ್ಣದ ಗೆರೆ ಹೊಡೆಸಿ, ಪಕ್ಕದಲ್ಲಿ ಇಸವಿ ಬರೆಸಿ, ಅಳತೆಯನ್ನು ರಿಜಿಸ್ಟರಿನಲ್ಲಿ ಏರಿಸಬೇಕು. 1982ರಿಂದ ಆ ಕಲ್ಲಿನ ಮೇಲೆ ಯಾರೂ ಗೆರೆ ಹೊಡೆದಿರಲಿಲ್ಲ. ಹೊಡೆದರೆ ವಿಚಾರಣೆಯ ತೀರ್ಪು ತಪ್ಪೆಂದಾಗುತ್ತಿತ್ತು, ಹೊಡೆಯದಿದ್ದರೆ ಕೆಲಸ ನಡೆಯುತ್ತಿತ್ತು. ಅಂಬರೀಷ ಆ ದಿನ ಬಣ್ಣದ ಡಬ್ಬಿ ಹಿಡಿದೇ ಇಳಿದಿದ್ದ. 'ಹಳ್ಳದ ತಳಾ ನಂಬಬ್ಯಾಡ, ಅದು ವರ್ಷಾ ಏರತೈತಿ ಇಳಿತೈತಿ, ಹಳಿ ನಂಬು' ಎಂದು ಅಪ್ಪ ಚಿಕ್ಕಂದಿನಲ್ಲಿ ಕಲಿಸಿದ್ದಂತೆ, ಮೇಲೆ ಹಳಿಯಿಂದ ಹಗ್ಗ ಬಿಟ್ಟು ಅಳೆದಿದ್ದ. ಗೇಣುದ್ದದ ಗೆರೆ ಸಿಕ್ಕಿತ್ತು. ಅದರ ಮೇಲೆ ಬೆರಳಾಡಿಸಿದ್ದ ಕೂಡ. ಮೇಲೆ ಟ್ರಾಲಿಯಲ್ಲಿ ಕೂತಿದ್ದ ಸಾಹೇಬ, ಹೊಸಬ, ವಯಸ್ಸಿನಲ್ಲಿ ತನಗಿಂತ ಚಿಕ್ಕವ, ಬಗ್ಗಿ ಕೇಳಿದ: "ಏನ್ ಅಂಬರೀಷ, ನಿಮ್ಮಪ್ಪನ ಗೆರಿ ಹುಡಕಾಕತ್ತಿಯೇನು? ನಿಮ್ಮ ಮಂದಿ ಒಬ್ಬರಿಗೊಬ್ಬರು ಭಾಳ ಆಗತೀರಿ ಬಿಡಪಾ." ಅಷ್ಟೇ. ಆಜ್ಞೆಯಲ್ಲ, ಬೈಗುಳವೂ ಅಲ್ಲ. ಟ್ರಾಲಿ ನೂಕುವವರು ನಕ್ಕರು. ಅಂಬರೀಷನೂ ನಕ್ಕ. ನಿಮ್ಮ ಮಂದಿ ಎಂದರೆ ಯಾರು ಎಂದು ಕೇಳಬೇಕಾಗಿದ್ದ ಬಾಯಿ ಹಲ್ಲು ಕಿರಿಯಿತು. ತಮ್ಮ ಮನೆತನದಲ್ಲೇ ಕುರ್ಚಿಯ ಮೇಲೆ ಕೂತ ಮೊದಲನೆಯವನು ತಾನು. ಆ ಕುರ್ಚಿಯಲ್ಲಿ ಕೂತು ಅಪ್ಪನ ಪರ ಬರೆದ ಎಂದು ಯಾರೂ ಅನ್ನಬಾರದು. ನಾನು ನ್ಯಾಯವಂತ ಎಂದು ಈ ನಗುವವರಿಗೆ ತೋರಿಸಬೇಕು. ತೋರಿಸಿದ. ಎರಡು ಅಡಿ ಒಂಬತ್ತು ಇಂಚು ಕೆಳಗೆ, ಯಾವುದೋ ಪಾಚಿಯ ಕಲೆಯ ಮೇಲೆ, ಬಿಳಿ ಗೆರೆ ಎಳೆಸಿದ. ಕಲ್ಲಿನ ಸಂದಿಗೆ ಸಿಮೆಂಟು ತುಂಬುವ ಗೌಂಡಿಗೆ, ಮೇಲಿನ ಆ ಬಿರುಕನ್ನೂ ಮುಚ್ಚಿಬಿಡು ಎಂದ. ಬಿರುಕು ಎಂದಿದ್ದ. ಆ ಶಬ್ದವೇ ಬಂದಿತ್ತು ಬಾಯಿಗೆ.

ಸೇತುವೆಯ ಕೆಳಗೆ ಮದುವೆಗೆ ಮುಂಚಿನ ಫೋಟೋ ತೆಗೆಸಿಕೊಳ್ಳುವ ಜೋಡಿಯೊಂದು ಬಣ್ಣದ ಹೊಗೆ ಹಾರಿಸುತ್ತಿತ್ತು. ಕಮಾನಿನ ಕಲ್ಲುಗಳ ಮೇಲೆ ಯಾರ್ಯಾರದೋ ಹೆಸರು, ಹೃದಯ, ಬಾಣ. ಇದಕ್ಕೆಲ್ಲ ಜಾಗವಿದೆ ಈ ಕಲ್ಲಿನ ಮೇಲೆ. ಅಂಬರೀಷ ಆ ಛಾಯಾಗ್ರಾಹಕನನ್ನು ಗದರಿಸಿ ಕಳಿಸಿದ. ಗದರುವ ಅಗತ್ಯವಿರಲಿಲ್ಲ, ಅವರು ಹೊರಟೇ ನಿಂತಿದ್ದರು. ಹನುಮಪ್ಪ ಏರಿಯ ಇಳಿಜಾರಿನಲ್ಲಿ ಕೋಲು ಊರಿ, ರಜನಿಯ ಭುಜ ಹಿಡಿದು, ನಿಧಾನವಾಗಿ ಇಳಿದ. ನಲವತ್ತೆರಡು ವರ್ಷದಲ್ಲಿ ಅವನು ಈ ಹಳ್ಳಕ್ಕೆ ಇಳಿಯುತ್ತಿರುವುದು ಇದೇ ಮೊದಲು. ಮೇಲೆ ಗಾಡಿಯಲ್ಲಿ ದಾಟುವಾಗೆಲ್ಲ ಕಿಟಕಿಯಿಂದ ಬಗ್ಗಿ ನೋಡುತ್ತಿದ್ದ, ಮೇಲಿನಿಂದ ಕಂಬ ಕಾಣುವುದಿಲ್ಲ.

"ಅಜ್ಜಾರ," ಎಂದಳು ರಜನಿ, ನೆರಳಿನಲ್ಲಿ ಅವನನ್ನು ಕಲ್ಲಿನ ಮೇಲೆ ಕೂಡಿಸಿ, "ಎಂಬತ್ತೆರಡರಾಗ ಇಲ್ಲೆ ಒಬ್ಬ ಗ್ಯಾಂಗ್‌ಮನ್ ಗಾಡಿ ನಿಲ್ಲಿಸಿದ್ನಂತ. ನಿಮಗ ಗೊತ್ತಿರಬೇಕಲ್ರಿ. ಯಾರಂವ?"

ಅಂಬರೀಷ ಬಾಯಿ ಹಾಕಬೇಕಿತ್ತು. ಕರಡಿನ ಅಂಚು ಸರಿಮಾಡುತ್ತ ನಿಂತ.

"ನಾನಽ ಬಾಯಾರ," ಎಂದ ಹನುಮಪ್ಪ.

ಅವಳ ಮುಖ ಬಿಳಿಚಿತು. ಕರಡಿನಲ್ಲಿದ್ದದ್ದು ಅವಳಿಗೆ ನೆನಪಾಗಿರಬೇಕು. ಅಂಬರೀಷನ ಕಡೆ ನೋಡಿದಳು, ಅವನು ಕರಡನ್ನು ಸುರುಳಿ ಸುತ್ತುತ್ತಿದ್ದ. "ನನಗ ಖರೇನಽ ಗೊತ್ತಿರಲಿಲ್ರಿ," ಎಂದಳು, ಇಬ್ಬರಿಗೂ. "ರಿಜಿಸ್ಟರಿನ್ಯಾಗ ಹೆಸರಿಲ್ಲ. ನೀರಿನ ಅಳತಿ ಅಷ್ಟ ಐತಿ."

"ಅಳತಿ ಕಲ್ಲಿನ ಮ್ಯಾಲೆ ಐತಿ, ಬರ್ರಿ ತೋರಸತೇನಿ." ಮುದುಕ ಎದ್ದ. ಎದ್ದ ಭರದಲ್ಲಿ ಕೋಲನ್ನೂ ಮರೆತ. ಎರಡನೇ ಕಂಬದ ಬಳಿಗೆ ಹೋಗಿ, ತಲೆ ಹಿಂದಕ್ಕೆ ಎಸೆದು, ಕಣ್ಣಿಗೆ ಕೈ ಅಡ್ಡ ಇಟ್ಟು ಹುಡುಕಿದ. ಹಳ್ಳದ ತಳ ಏರಿ ಏರಿ ಈಗ ಗುರುತಿನ ಜಾಗ ತಲೆಯ ಮಟ್ಟಕ್ಕೇ ಬಂದಿತ್ತು. ಅಂಗೈಯಿಂದ ಕಲ್ಲು ಸವರಿದ, ಎಡಕ್ಕೆ, ಬಲಕ್ಕೆ. ಸಿಮೆಂಟಿನ ನುಣುಪು ಬೆರಳಿಗೆ ಹತ್ತಿರಬೇಕು. ಅಲ್ಲಿ ತುಸು ತಡೆದು ಮುಂದಕ್ಕೆ ಹೋಯಿತು ಕೈ. ಕೊನೆಗೆ ತೊಡೆಯ ಮಟ್ಟದಲ್ಲಿ ಆ ಬಿಳಿ ಗೆರೆ ಕಂಡಿತು. ಇಪ್ಪತ್ತೊಂಬತ್ತು ಸಲ ಅದರ ಮೇಲೇ ಬಣ್ಣ ಬಳಿಸಿ ಬಳಿಸಿ ದಪ್ಪವಾಗಿತ್ತು, ಪಕ್ಕದಲ್ಲಿ 1982 ಎಂದು ಬರೆದಿತ್ತು.

"ಇದನ್ಯಾರು ಹೊಡದಿದ್ದು?"

"ಸರ್ ಹೊಡಸಿದ್ದು, ಅಜ್ಜಾರ. ತೊಂಬತ್ನಾಲ್ಕರಾಗ," ಎಂದಳು ರಜನಿ ಮೆಲ್ಲಗೆ.

"ನಮ್ಮ ಅಂಬರೀಷನಾ?"

"ಹೌದ್ರಿ. ಅವರ ಸಹಿ ಐತಿ."

ಹನುಮಪ್ಪ ಬಗ್ಗಿ ಗೆರೆಯನ್ನು ನೋಡಿದ, ಮತ್ತೆ ಮೇಲೆ ನೋಡಿದ, ಮತ್ತೆ ಗೆರೆಯನ್ನು. ಈಗ ಸಿಡಿಯುತ್ತಾನೆ ಎಂದುಕೊಂಡ ಅಂಬರೀಷ, ಸಿಡಿಯಲಿ ಎಂದು ಹಾರೈಸಿದ ಕೂಡ. ಯಾವ ಸಾಹೇಬನ ಮುಂದೂ ಬಗ್ಗದ ಮನುಷ್ಯ. ಪಂಕ್ತಿಗೆ ಪಂಕ್ತಿಯೇ ನಕ್ಕರೂ ಎಲೆ ಬಿಟ್ಟು ಏಳದ ಮನುಷ್ಯ. ಒಮ್ಮೆ ಕೂಗಿಬಿಟ್ಟರೆ, ಇದು ಸುಳ್ಳು ಎಂದು ಒಂದೇ ಒಂದು ಸಲ ಕೂಗಿಬಿಟ್ಟರೆ, ಇವನು ಹೌದು ಅನ್ನಬಹುದಿತ್ತು. ಹೌದು ಎನ್ನುವುದು ಅಷ್ಟೇನೂ ಕಷ್ಟವಲ್ಲ. ಮುದುಕ ಟೊಪ್ಪಿಗೆ ತೆಗೆದು ಬೆವರು ಒರೆಸಿಕೊಂಡ.

"ಹಂಗಾರ ನಾನಽ ಹೆದರಿದ್ನೇನೋ," ಎಂದ.

"ಯಪ್ಪಾ," ಎಂದ ಅಂಬರೀಷ.

"ಇಲ್ಲ ತಮ್ಮಾ, ಇರಲಿ. ಮಳಿ ಜೋರಿತ್ತು. ಒಬ್ಬಾಂವನ ಇದ್ದೆ. ನೀರು ಮ್ಯಾಲೆ ಕಂಡಿರಬೇಕು ಕಣ್ಣಿಗೆ." ರಜನಿಯ ಕಡೆ ತಿರುಗಿ, ತಪ್ಪು ಒಪ್ಪಿಕೊಳ್ಳುವವನ ವಿನಯದಲ್ಲಿ, ಅವಳಿಗೆ ಮುಜುಗರವಾಗಬಾರದೆಂದು ತುಸು ನಗುತ್ತ ಹೇಳಿದ: "ಕಲ್ಲಿನ ಮ್ಯಾಲೆ ಗೆರಿ ಹಾಕಿದ್ದೆ ಅಂತ ಮಂದಿಗೆಲ್ಲಾ ಹೇಳಕೋತ ಬಂದೆ ನೋಡ್ರಿ, ಇಲ್ಲೆ ಏನೂ ಇಲ್ಲ. ಆ ಸಾಹೇಬ ಮಂದಿ ಬರದಿಟ್ಟಿದ್ರ ನಾ ಒಪ್ಪತಿರಲಿಲ್ಲ. ನನ್ನ ಮಗಾ ಕೆಳಗ ಇಳದು, ಹಗ್ಗಾ ಬಿಟ್ಟು ಅಳದು ಬರದಾನ. ಅಂವ ಸುಳ್ಳ ಬರಿಯಾಂವ ಅಲ್ಲ. ನಿಮ್ಮ ಪುಸ್ತಕದಾಗ ಏನೈತಿ ಅದ ಇರಲಿ ಬಾಯಾರ. ಬೇಕಾದ್ರ ಹೆಸರೂ ಹಾಕ್ರಿ, ಹನುಮಪ್ಪ ಅಂತ."

ಅಂಬರೀಷನಿಗೆ ಮೊದಲು ಬಂದದ್ದು ಪಶ್ಚಾತ್ತಾಪವಲ್ಲ, ಸಿಟ್ಟು. ಈ ಮುದುಕನ ಮೇಲೆ ಉರಿಯುವ ಸಿಟ್ಟು. ಎಷ್ಟು ಸುಲಭವಾಗಿ ಬಿಟ್ಟುಕೊಟ್ಟ. ನಲವತ್ತೆರಡು ವರ್ಷ ಬಡ್ತಿ ಹೋದರೂ ಬಿಡದ್ದನ್ನು, ಅವ್ವ ಸಾಯುವಾಗ 'ಅದೊಂದು ಮಾತು ಬಿಟ್ಟುಬಿಡ್ರಿ ಇನ್ನ' ಎಂದು ಕೈಹಿಡಿದು ಕೇಳಿದರೂ ಬಿಡದ್ದನ್ನು, ಮಗನ ಒಂದು ಡಬ್ಬಿ ಬಣ್ಣಕ್ಕೆ ಬಿಟ್ಟುಕೊಟ್ಟ. ಯಾರು ಹೇಳಿದರು ಇವನಿಗೆ ನನ್ನನ್ನು ಇಷ್ಟು ನಂಬಲು? ನಂಬಿಕೆಯೋ ಇದು, ಕೊರಳಿಗೆ ಕಟ್ಟಿದ ಕಲ್ಲೋ? ಅವನು ಸುರುಳಿ ಸುತ್ತಿದ ಕರಡನ್ನು ಹಳ್ಳಕ್ಕೆ ಎಸೆದು, ನೆಲದಿಂದ ಕೈಗೆ ಸಿಕ್ಕ ಕಲ್ಲು ಎತ್ತಿಕೊಂಡು, ಸಿಮೆಂಟು ಬಳಿದ ಜಾಗವನ್ನು ಜಜ್ಜತೊಡಗಿದ. ಒಂದು, ಎರಡು, ಹತ್ತು. ಬೆರಳು ತರಚಿ ರಕ್ತ ಬಂತು. ಸಿಮೆಂಟು ಒಂದು ಚೂರೂ ಬಿಡಲಿಲ್ಲ. ಕೆಲಸ ಗಟ್ಟಿಯಾಗಿ ಮಾಡಿಸಿದ್ದ, ಆಗಿನ್ನೂ ಹೊಸ ಹುರುಪು.

"ಸರ್, ಏನ್ ಮಾಡಾಕತ್ತೀರಿ?" ರಜನಿ ಅವನ ತೋಳು ಹಿಡಿದಳು.

"ಇದರ ಕೆಳಗೈತಿ," ಎಂದ ಅಂಬರೀಷ, ಏದುಸಿರಿನಲ್ಲಿ. "ಅಪ್ಪ ಕೊರದ ಗೆರಿ ಇದರ ಕೆಳಗೈತಿ. ನಾ ಮುಚ್ಚಸೇನಿ. ನೀರು ಇಲ್ಲೀತನಾ ಬಂದಿತ್ತು. ಅಲ್ಲೆ ಕೆಳಗ ಹೊಡಸಿದ್ದು ಸುಳ್ಳ ಗೆರಿ. ನನಗ ಗೊತ್ತಿದ್ದ ಹೊಡಸೇನಿ. ಯಾರೂ ಹೇಳಿರಲಿಲ್ಲ ನನಗ. ಯಾರೂ ಹೇಳಿರಲಿಲ್ಲ."

ಮೇಲೆ ಗಾಡಿಯೊಂದು ಹಾದುಹೋಯಿತು. ಗೂಡ್ಸ್ ಗಾಡಿ, ಬಹಳ ಹೊತ್ತು ಹಿಡಿಯಿತು. ಹನುಮಪ್ಪ ಮಗನ ಮುಖವನ್ನೇ ನೋಡುತ್ತಿದ್ದ. ಸಿಟ್ಟಿರಲಿಲ್ಲ ಮುದುಕನ ಮುಖದಲ್ಲಿ, ಅಥವಾ ಇದ್ದರೆ ಅದನ್ನು ಗುರುತಿಸುವುದು ಇವನಿಗೆ ತಿಳಿಯಲಿಲ್ಲ.

"ಎಷ್ಟು ಕೆಳಗ ಹೊಡಸಿದಿ?" ಎಂದು ಕೇಳಿದ ಕೊನೆಗೆ.

"ಎರಡು ಫೂಟು ಒಂಬತ್ತು ಇಂಚು."

"ಅಳದು ಹೊಡಸಿದ್ಯಲ್ಲಾ."

"ಹೌದಪಾ. ಅಳದ ಹೊಡಸಿದೆ."

"ಎಂಬತ್ನಾಕು ನನಗ," ಎಂದ ಹನುಮಪ್ಪ. "ಈಗ ಇಲ್ಲೆ ನಿಂತು ಹೆದರಿದ್ದೆ ಅಂತ ಒಪ್ಕೊಂಡೆ. ನನ್ನ ಬಾಯಿಂದ." ಟೊಪ್ಪಿಗೆಯನ್ನು ತಲೆಗೆ ಇಟ್ಟುಕೊಂಡು ಸರಿಮಾಡಿಕೊಂಡ.

ರಜನಿ ಕೈಚೀಲದಿಂದ ವಹಿ ತೆಗೆದಳು. ಅವಳ ದನಿಯಲ್ಲಿದ್ದ ಉತ್ಸಾಹವೆಲ್ಲ ಇಳಿದುಹೋಗಿತ್ತು. "ನಾ ಈ ಪುಟಾ ಪೂರ್ತಿ ಹೊಸದಾಗಿ ಬರೀತೇನ್ರಿ ಅಜ್ಜಾರ. ಆದ್ರ ಕಾಗದದಾಗ ಒಂದೈತಿ, ಕಲ್ಲ ಮುಚ್ಚೈತಿ. ಯಾರ ಹೇಳಿಕಿ ಮ್ಯಾಲೆ ಅಂತ ಬರೀಬೇಕಾಗತೈತಿ. ಸರ್, ಹ್ಯಾಂಗ ಬರೀಲಿ?"

"ಬರೀರಿ," ಎಂದ ಅಂಬರೀಷ. ರಕ್ತದ ಬೆರಳನ್ನು ಅಂಗಿಗೆ ಒರೆಸಿಕೊಂಡ. "ಗ್ಯಾಂಗ್‌ಮನ್ ಹನುಮಪ್ಪನ ಮಗಾ ತಾನ ಒಪ್ಪಿ ಹೇಳಿದಾ ಅಂತ ಬರೀರಿ."

"ಬ್ಯಾಡ," ಎಂದ ಹನುಮಪ್ಪ.

ರಜನಿ ಪೆನ್ನು ಎತ್ತಿ ಹಿಡಿದಳು.

"ಇನ್‌ಸ್ಪೆಕ್ಟರ್ ಅಂಬರೀಷ ಅಂತ ಬರ್ಕೋರಿ ಬಾಯಾರ. ಬರದಾಂವ ಅವನ, ಹೇಳಾಂವನೂ ಅವನ ಇರಲಿ. ನನ್ನ ಮಗಾ ಅಂತ ಬರೀಬ್ಯಾಡ್ರಿ."

ರಜನಿ ಒಂದು ಸಲ ಅಂಬರೀಷನ ಕಡೆ ನೋಡಿದಳು. ಮುದುಕ ಹೇಳಿದಂತೆಯೇ ಬರೆದುಕೊಂಡಳು.